ಬುರ್ಗಾ ಅಳೆದ ಹಿಮ

ಬಸ್ಸು ತಿರುಗಿಕೊಳ್ಳುವ ಜಾಗಕ್ಕೆ ಲಾನ್‌ಬಾಕ್ ಊರು ಮುಗಿಯುತ್ತದೆ. ಅಲ್ಲಿಂದಾಚೆ ರಸ್ತೆಯಿಲ್ಲ, ಬೆಟ್ಟ. ಆ ತಿರುವಿನ ಪಕ್ಕದಲ್ಲಿ ಬೇಲಿ ಹಾಕಿದ ಒಂದು ತುಂಡು ಹುಲ್ಲುಗಾವಲು, ಅದರ ನಡುವೆ ಸೆಂಟಿಮೀಟರ್ ಗುರುತು ಬರೆದ ಹಳದಿ ಕಂಬ. ಮೂವತ್ತೊಂದು ಚಳಿಗಾಲ ದಿನವೂ ಬೆಳಿಗ್ಗೆ ಆರೂವರೆಗೆ ಆ ಕಂಬದ ಮುಂದೆ ಬಂದು ನಿಂತವಳು ನೋಟ್‌ಬುರ್ಗಾ. ಊರವರ ಬಾಯಲ್ಲಿ ಬರೀ ಬುರ್ಗಾ.

ನಿವೃತ್ತಿಯಾಗುವ ತನಕ ಕಣಿವೆಯ ಅಂಚೆ ವ್ಯಾನು ಓಡಿಸುವುದು ಅವಳ ಹೊಟ್ಟೆಪಾಡಿನ ಕೆಲಸವಾಗಿತ್ತು. ಹಿಮ ಅಳೆಯುವ ಕೆಲಸ ಅವಳಿಗೆ ಅಂಟಿಕೊಂಡದ್ದು ಆಕಸ್ಮಿಕವಾಗಿ. ಅಲ್ಲಿಯವರೆಗೆ ಅಳೆಯುತ್ತಿದ್ದ ಶಾಲಾ ಮೇಷ್ಟ್ರಿಗೆ ಮಂಡಿನೋವು ಬಂತು. "ಒಂದು ನಾಲ್ಕು ವಾರ ನೋಡ್ಕೋ ಬುರ್ಗಾ, ಆಮೇಲೆ ನಾನೇ ಬರ್ತೀನಿ," ಎಂದರು. ಮಂಡಿ ವಾಸಿಯಾಗಲಿಲ್ಲ. ನಾಲ್ಕು ವಾರ ಮುಗಿಯಲೂ ಇಲ್ಲ. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೇಳಿದರೆ, "ಬೆಳಿಗ್ಗೆ ಐದೂಮುಕ್ಕಾಲಿಗೆ ಎದ್ದು ಹಿಮ ಚುಚ್ಚೋಕೆ ಹೋಗೋ ಹೆಂಗಸನ್ನ ಯಾವನು ಕಟ್ಕೋತಾನೆ?" ಎಂದು ಅವಳೇ ನಗುತ್ತಿದ್ದಳು.

ರಾತ್ರಿ ಎಷ್ಟು ಹಿಮ ಬಿತ್ತು, ಗಾಳಿ ಯಾವ ಕಡೆಯಿಂದ, ಎಷ್ಟು ಚಳಿ ಎಂದು ಬರೆದು ಏಳು ಗಂಟೆಯೊಳಗೆ ಪಟ್ಟಣದ ಹಿಮಕುಸಿತ ಎಚ್ಚರಿಕೆಯವರಿಗೆ ಕಳಿಸುತ್ತಿದ್ದಳು. ವಾರಕ್ಕೆರಡು ಸಲ ಮೇಲೆ ಹೋಗಿ ಗುಂಡಿ ತೋಡಿ, ಹಿಮದ ಪದರಗಳನ್ನು ಒಂದೊಂದಾಗಿ ಬೆರಳಲ್ಲಿ ಒತ್ತಿ ನೋಡಿ, ಅದನ್ನೂ ಕಳಿಸುತ್ತಿದ್ದಳು. ಇಂಥ ಇಪ್ಪತ್ತು ಮೂವತ್ತು ಜನರ ವರದಿ ಸೇರಿ ಸಂಜೆಗೆ ಒಂದು ಅಂಕಿ ಹೊರಬೀಳುತ್ತಿತ್ತು. ಒಂದು ಎಂದರೆ ಅಪಾಯ ಕಡಿಮೆ, ಐದು ಎಂದರೆ ಮನೆಯಿಂದ ಹೊರಗೆ ಕಾಲಿಡಬೇಡಿ. ಅಷ್ಟಕ್ಕೆ ಅವಳ ಕೆಲಸ ಮುಗಿಯಿತು. ರಸ್ತೆ ಮುಚ್ಚಿಸುವ ಅಧಿಕಾರ ಊರಿನ ಮೇಯರನಿಗಿತ್ತು, ಸ್ಕೀ ಓಟದ ಹಾದಿ ಮುಚ್ಚಿಸುವ ಅಧಿಕಾರ ಜನರನ್ನು ಬೆಟ್ಟಕ್ಕೇರಿಸುವ ಲಿಫ್ಟಿನವರಿಗಿತ್ತು. ಅದರಾಚೆಯ ಬೆಟ್ಟ ಮುಚ್ಚಿಸುವ ಅಧಿಕಾರ ಯಾರಿಗೂ ಇರಲಿಲ್ಲ. ಸ್ಕೀ ಕಟ್ಟಿಕೊಂಡು ಹತ್ತುವವರು ಹತ್ತುತ್ತಿದ್ದರು.

ಅಂಥವರಲ್ಲಿ ಮೊದಲಿಗ ಕಾಸಿಯಾನ್. ಕಿಟಕಿ ಬಾಗಿಲು ಮಾಡುವ ಬಡಗಿ, ಅರವತ್ತಾರು ವಯಸ್ಸು, ಬುರ್ಗಾಳ ಮನೆಯಿಂದ ಎರಡನೇ ಮನೆ. ಹಿಮ ಓದುವುದನ್ನು ಅವಳಿಗೆ ಮೇಷ್ಟ್ರು ಕಲಿಸಿದ್ದರೆ, ಹಿಮದ ಮೇಲೆ ಓಡಾಡುವುದನ್ನು ಕಲಿಸಿದವನು ಕಾಸಿಯಾನ್. ಮೂವತ್ತು ವರ್ಷ ಇಬ್ಬರೂ ಒಟ್ಟಿಗೆ ಹತ್ತಿದ್ದರು, ಒಟ್ಟಿಗೆ ಜಗಳವಾಡಿದ್ದರು. ಅವನಿಗೆ ಪ್ರೀತಿಯ ಇಳಿಜಾರೆಂದರೆ ರೋಸ್‌ಕಾರ್. ಅದು ಉತ್ತರಕ್ಕೆ ಮುಖಮಾಡಿದ, ಚಳಿಗಾಲವಿಡೀ ಬಿಸಿಲು ಕಾಣದ, ಬುಡದವರೆಗೆ ಒಂದೇ ಓಟಕ್ಕೆ ಇಳಿಯುವ ಕಡಿದಾದ ಬೆಟ್ಟದ ಮೈ. ಬಸ್ಸಿನ ತಿರುವಿನಲ್ಲಿ ನಿಂತರೆ ಪೂರ್ತಿ ಕಾಣುತ್ತದೆ.

ಆ ವರ್ಷ ನವೆಂಬರಿನಲ್ಲಿ ಮೊಳಕಾಲುದ್ದ ಹಿಮ ಬಿದ್ದು ನಿಂತಿತು. ಡಿಸೆಂಬರ್ ಪೂರ್ತಿ ಮೋಡವಿಲ್ಲದ ಆಕಾಶ, ಮೂಗು ಸೆಟೆಯುವ ಚಳಿ. ಪ್ರವಾಸಿಗರು ಬಂದು ಎಂಥಾ ಹವೆ ಎಂದು ಫೋಟೋ ತೆಗೆದುಕೊಂಡರು. ಬುರ್ಗಾಳ ಮುಖ ಮಾತ್ರ ದಿನದಿಂದ ದಿನಕ್ಕೆ ಸಣ್ಣದಾಯಿತು. ತೆಳ್ಳಗಿನ ಹಿಮ ಅಷ್ಟು ದಿನ ಚಳಿಯಲ್ಲಿ ಬಿದ್ದಿದ್ದರೆ ಒಳಗೊಳಗೇ ಅಂಟು ಬಿಟ್ಟು ಹರಳಾಗುತ್ತದೆ. ಅದರ ಮೇಲೆ ಭಾರ ಬೀಳುವ ತನಕ ಅದರಿಂದ ಯಾರಿಗೂ ತೊಂದರೆಯಿಲ್ಲ. ಜನವರಿ ಎರಡನೇ ವಾರ ಭಾರ ಬಿತ್ತು. ಮೂರು ದಿನ ಗಾಳಿ ಸಮೇತ ಸುರಿದು, ಹಳೆಯ ಹರಳಿನ ಮೇಲೆ ತೊಡೆಯೆತ್ತರದ ಹೊಸ ಹಿಮ ಹಾಸಿತು.

ನಾಲ್ಕನೆಯ ದಿನ ಇಬ್ಬರೂ ಮೇಲೆ ಹೋದರು. ದಾರಿಯಲ್ಲಿ ಸಮತಟ್ಟಿನ ಜಾಗದಲ್ಲಿ ಕಾಲಿಟ್ಟಾಗ ಹಿಮ "ಧುಮ್" ಎಂದು ಕುಗ್ಗಿತು. ತಳದ ಹರಳು ಭಾರಕ್ಕೆ ಕುಸಿದ ಸದ್ದು ಅದು. ಉತ್ತರದ ಕಡೆ ಒಂದು ಪುಟ್ಟ ಇಳಿಜಾರಿನಲ್ಲಿ ಗುಂಡಿ ತೋಡಿ, ಮಂಚದ ತಲೆಹಲಗೆಯಷ್ಟು ಅಗಲದ ಹಿಮದ ತುಂಡನ್ನು ಸುತ್ತಲೂ ಕತ್ತರಿಸಿ ಬಿಡಿಸಿದಳು. ಅದರ ಒಂದು ತುದಿಗೆ ಸಲಿಕೆಯಿಟ್ಟು ಅಂಗೈಯಿಂದ ತಟ್ಟತೊಡಗಿದಳು. ಹತ್ತು ಏಟು ಮಣಿಕಟ್ಟಿನಿಂದ, ಆಮೇಲೆ ಮೊಣಕೈಯಿಂದ. ಗಟ್ಟಿ ಹಿಮವಾದರೆ ಮೂವತ್ತು ಏಟಿಗೂ ಜಾರುವುದಿಲ್ಲ. ಹದಿಮೂರನೆಯ ಏಟಿಗೆ ಇಡೀ ತುಂಡು, ತಟ್ಟದೇ ಬಿಟ್ಟ ಆಚೆ ತುದಿಯೂ ಸೇರಿ, ಮೇಜಿನ ಖಾನೆ ಎಳೆದಷ್ಟು ಸಲೀಸಾಗಿ ಅವಳ ಮಡಿಲಿಗೆ ಜಾರಿಬಂತು.

ಬುಡದ ಹಿಮವನ್ನು ಬೊಗಸೆಯಲ್ಲಿ ಎತ್ತಿ ಹಿಡಿದಳು. ಬೆರಳ ಸಂದಿಯಿಂದ ಸಕ್ಕರೆಯಂತೆ ಸುರಿಯಿತು.

"ನೋಡಿದ್ಯಾ?"

"ನೋಡ್ದೆ," ಎಂದ ಕಾಸಿಯಾನ್. "ಇದು ಇಲ್ಲಿಯ ಹಿಮ ಕಣೆ. ರೋಸ್‌ಕಾರ್ ಬೇರೆ."

"ಅದೂ ಉತ್ತರಕ್ಕೇ ಇರೋದು. ಇದೇ ಎತ್ತರ. ಬೇರೆ ಅನ್ನೋಕೆ ಏನಿದೆ ಅಲ್ಲಿ, ನಿನ್ನ ಹೆಸರು ಬರ್ದಿದೆಯಾ?"

"ನಲವತ್ತು ವರ್ಷದಿಂದ ಇಳೀತಿದೀನಿ. ಒಂದು ಸಲ ಅಲುಗಾಡಿದ್ದು ಉಂಟಾ, ಹೇಳು."

"ಅಲುಗಾಡಿದ್ರೆ ಇಲ್ಲಿ ನಿಂತು ವಾದ ಮಾಡೋಕೆ ನೀನಿರ್ತಿರ್ಲಿಲ್ಲ."

"ಆ ಸಕ್ಕರೇನ ನಿನ್ನ ಬಾಯಿಗೇ ಹಾಕ್ಬೇಕು. ಆಗಲಾದ್ರೂ ಒಂದು ಒಳ್ಳೆ ಮಾತು ಬರುತ್ತೇನೋ."

ಆ ಸಂಜೆಯ ಅಂಕಿ ಮೂರು. ಬುರ್ಗಾಳಿಗೆ ಆ ಅಂಕಿಯನ್ನು ಕಂಡರೆ ಮೊದಲಿನಿಂದಲೂ ಆಗದು. ನಾಲ್ಕೆಂದರೆ ಜನ ಹೆದರುತ್ತಾರೆ, ಮನೆಯಲ್ಲಿರುತ್ತಾರೆ. ಮೂರೆಂದರೆ ಐದರಲ್ಲಿ ನಡುವಿನದು, ಪರವಾಗಿಲ್ಲ ಎಂದುಕೊಳ್ಳುತ್ತಾರೆ. ಅವಳು ಕಂಡ ಸಾವುಗಳಲ್ಲಿ ಹೆಚ್ಚಿನವು ಮೂರರಲ್ಲೇ ಆಗಿದ್ದವು.

ಎರಡು ದಿನ ಬಿಟ್ಟು ಕಾಸಿಯಾನ್ ಪಕ್ಕದೂರಿನ ಇಬ್ಬರು ಗೆಳೆಯರನ್ನು ಕಟ್ಟಿಕೊಂಡು ರೋಸ್‌ಕಾರಿಗೆ ಹೊರಟ. ಅವಳಿಗೆ ಹೇಳಿ ಹೋಗಲಿಲ್ಲ. ಬುರ್ಗಾ ಅಡುಗೆಮನೆಯ ಕಿಟಕಿಯಲ್ಲಿ ಕಾಡುಮೇಕೆ ನೋಡಲೆಂದು ನಿಲ್ಲಿಸಿದ್ದ ದುರ್ಬೀನಿಗೆ ಕಣ್ಣಿಟ್ಟಾಗ, ಮರಗಳು ಮುಗಿಯುವ ಗೆರೆಯ ಮೇಲೆ ಮೂರು ಚುಕ್ಕಿಗಳು ಕಂಡವು. ಮುಂದಿನದರ ನಡಿಗೆಯೇ ಅವನದೆಂದು ಹೇಳುತ್ತಿತ್ತು. ಫೋನು ಮಾಡಿದಳು. ಅವನ ಫೋನು ಆಫ್ ಆಗಿತ್ತು. ಹಿಮದಲ್ಲಿ ಹೂತವರನ್ನು ಹುಡುಕುವ ಬೀಪರ್ ಯಂತ್ರ ಎದೆಗೆ ಕಟ್ಟಿಕೊಂಡಾಗ ಅದರ ಸಂಕೇತ ಕೆಡದಿರಲೆಂದು ಎಲ್ಲರೂ ಫೋನು ಆರಿಸುತ್ತಾರೆ, ಆ ಶಿಸ್ತನ್ನು ಊರಿಗೆಲ್ಲ ಹೇಳಿಕೊಟ್ಟವಳು ಅವಳೇ.

ಮಾಡುವುದೇನೂ ಇರಲಿಲ್ಲ. ನಿಂತು ನೋಡಿದಳು. ಒಲೆಯ ಮೇಲೆ ಬಾರ್ಲಿ ಸೂಪು ಸೀದು ವಾಸನೆ ಬಂದರೂ ಕಣ್ಣು ತೆಗೆಯಲಿಲ್ಲ. ಮೊದಲನೆಯ ಚುಕ್ಕಿ ಇಳಿಯಿತು. ಎರಡನೆಯದು. ಮೂರನೆಯದು. ಬೆಟ್ಟ ಮಿಸುಕಲಿಲ್ಲ. ನುಣ್ಣನೆಯ ಬಿಳುಪಿನ ಮೇಲೆ ಅಕ್ಕಪಕ್ಕದಲ್ಲಿ ಮೂರು ಬಳುಕು ಗೆರೆಗಳು ಉಳಿದವು, ಬಹಳ ಚೆಂದದವು. ಬುರ್ಗಾ ಒಲೆ ಆರಿಸಿ, ಸೀದ ಪಾತ್ರೆ ಉಜ್ಜತೊಡಗಿದಳು.

ಮಾರನೆಯ ಸಂಜೆ ಹೋಟೆಲಿನಲ್ಲಿ, ಚೀಸಿನ ಉಂಡೆ ಹಾಕಿದ ಸೂಪಿನ ಮುಂದೆ ಕೂತಿದ್ದ ಕಾಸಿಯಾನ್ ಅವಳನ್ನು ಕಂಡೊಡನೆ ಕೂಗಿದ. "ಏನಮ್ಮಾ ಸಕ್ಕರೆ ಅಂಗಡಿ, ವ್ಯಾಪಾರ ಹೇಗಿದೆ?"

ಕೂತವರೆಲ್ಲ ನಕ್ಕರು. ಬುರ್ಗಾಳೂ ನಕ್ಕಳು.

"ಬಚಾವಾಗಿದೀಯ ಅಷ್ಟೇ ಕಾಸಿಯಾನ್. ನೀನು ಹೇಳಿದ್ದು ಸರಿ ಅಂತಲ್ಲ."

"ಎರಡಕ್ಕೂ ಏನೇ ವ್ಯತ್ಯಾಸ? ಸೂಪು ಒಂದೇ ರುಚಿ ಇದೆಯಲ್ಲ!"

ತನ್ನದೇ ತಪ್ಪಿರಬಹುದೇ ಎಂದು ಮನೆಗೆ ನಡೆಯುವಾಗ ಅವಳಿಗೆ ನಿಜವಾಗಿಯೂ ಅನ್ನಿಸಿತು. ವಾರದಲ್ಲಿ ಮತ್ತೆರಡು ಸಲ ಗುಂಡಿ ತೋಡಿದಳು. ಒಮ್ಮೆ ಹದಿನಾಲ್ಕನೆಯ ಏಟಿಗೆ, ಒಮ್ಮೆ ಹನ್ನೆರಡಕ್ಕೇ ಜಾರಿತು. ಸಂಜೆಯ ಅಂಕಿ ಮೂರಾಗಿಯೇ ಉಳಿಯಿತು. ಹೊಸ ಹಿಮ ಬೀಳಲಿಲ್ಲ, ಹಾಗಾಗಿ ಆ ಮೂರು ಗೆರೆಗಳು ಅಳಿಸಲೂ ಇಲ್ಲ.

ಕಾಸಿಯಾನ್ ಇಳಿದ ಎಂಟನೆಯ ದಿನ, ಬುಧವಾರ, ಎಂಟು ಗಂಟೆಯ ಬೆಳಕಲ್ಲಿ ಅವಳು ಕಂಬಕ್ಕೆ ಕಟ್ಟಿದ ಮಂಜು ಕೆರೆಯುತ್ತಿದ್ದಾಗ ಒಂದು ಕಾರು ಬಂದು ನಿಂತಿತು. ಗಂಡ ಹೆಂಡತಿ, ಮೂವತ್ತರ ಆಸುಪಾಸು. ದೂರದ ಲಿಂಟ್ಸ್‌ನಿಂದ ಕತ್ತಲಿರುವಾಗಲೇ ಹೊರಟು ಬಂದವರು. ಸ್ಕೀಯ ಅಡಿಗೆ ಜಾರದೆ ಹತ್ತಲು ಪಟ್ಟಿ ಅಂಟಿಸಿ, ಒಬ್ಬರ ಬೀಪರನ್ನು ಇನ್ನೊಬ್ಬರು ಪರೀಕ್ಷಿಸಿ ನೋಡಿದರು. ಏನೂ ಗೊತ್ತಿಲ್ಲದವರಲ್ಲ ಎಂದು ಬುರ್ಗಾಳಿಗೆ ಅರ್ಥವಾಯಿತು. ಗಂಡ ತಾನಾಗಿಯೇ ಬೇಲಿಯ ಹತ್ತಿರ ಬಂದ. ಸೆವೆರಿನ್ ಎಂದು ಹೆಸರು, ಶಾಲೆಯಲ್ಲಿ ಭೂಗೋಳ ಪಾಠ ಮಾಡುವವನು.

"ನೀವೇ ಅಳೆಯೋರಾ? ರೋಸ್‌ಕಾರ್ ಹೇಗಿದೆ?"

"ಹೋಗ್ಬೇಡಿ," ಎಂದಳು ಬುರ್ಗಾ. "ತಳದಲ್ಲಿ ಹಿಮ ಕೊಳೆತಿದೆ. ಇವತ್ತು ಕಾಡೊಳಗಿನ ಹಾದೀಲಿ ಹತ್ತಿ ಇಳೀರಿ, ಅಲ್ಲೂ ಚೆನ್ನಾಗಿದೆ."

ಅವನು ತಲೆಯೆತ್ತಿ ನೋಡಿದ. "ಆದ್ರೆ ಯಾರೋ ಇಳಿದಿದಾರಲ್ಲ. ಗೆರೆ ಕಾಣ್ತಿದೆ."

"ನಮ್ಮೂರವನು. ಅವನಿಗೂ ಬೇಡ ಅಂದಿದ್ದೆ."

"ಏನಾಯ್ತು ಅವರಿಗೆ?"

ಬುರ್ಗಾ ಆ ಗೆರೆಗಳತ್ತ ನೋಡಿದಳು. "ಏನೂ ಆಗ್ಲಿಲ್ಲ."

ಸೆವೆರಿನ್ ನಕ್ಕ. ಅದರಲ್ಲಿ ಗೇಲಿಯಿರಲಿಲ್ಲ. "ಹುಷಾರಾಗಿರ್ತೀವಿ. ಮೇಲೆ ಹೋಗಿ ನೋಡ್ತೀವಿ, ಸರಿ ಅನ್ನಿಸ್ದಿದ್ರೆ ವಾಪಸ್ ಬರ್ತೀವಿ."

"ಅದು ಮೇಲಿಂದ ನೋಡಿದ್ರೆ ಕಾಣೋ ಅಂಥದ್ದಲ್ಲಪ್ಪಾ. ಎಲ್ಲ ಚೆನ್ನಾಗಿರೋ ಹಾಗೇ ಇರುತ್ತೆ."

ಅವನು ಕೈಗವಸು ತೆಗೆದು ಅವಳ ಕೈ ಕುಲುಕಿದ. ಹೆಂಡತಿ ಯೂಡಿತ್ ದೂರದಿಂದಲೇ ಕೈಬೀಸಿದಳು. ಹಾದಿ ಕವಲಾಗುವಲ್ಲಿ ಅವರು ಎಡಕ್ಕೆ, ರೋಸ್‌ಕಾರ್ ಕಡೆಗೆ ತಿರುಗಿದ್ದನ್ನು ಬುರ್ಗಾ ನೋಡಿದಳು. ಓಡಿಹೋಗಿ ತಡೆಯೋಣವೆನ್ನಿಸಿತು. ಏನೆಂದು ತಡೆಯುವುದು? ಹೇಳಬೇಕಾದ್ದನ್ನು ಹೇಳಿಯಾಗಿತ್ತು.

ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಇಬ್ಬರೂ ಮೇಲಿನ ಅಂಚು ತಲುಪಿದರು. ಅಲ್ಲಿ ನಿಂತು ಮಾತಾಡಿದರು. ಅವನು ಕೋಲಿನಿಂದ ಹಿಮ ಚುಚ್ಚಿ ನೋಡಿದ. ದುರ್ಬೀನಿನ ಹಿಂದೆ ಬುರ್ಗಾ, ವಾಪಸ್ ಬಾ, ವಾಪಸ್ ಬಾ ಎಂದು ತನಗೇ ಕೇಳದಷ್ಟು ಮೆಲ್ಲಗೆ ಹೇಳುತ್ತಿದ್ದಳು. ಸರಿಯಾದ ಪದ್ಧತಿಯಂತೆ ಹೆಂಡತಿ ಮೇಲೆಯೇ ನಿಂತಳು, ಅವನೊಬ್ಬನೇ ಇಳಿದ. ಹಳೆಯ ಗೆರೆಗಳಿಗೆ ತಾಗದಂತೆ, ಬಲಗಡೆ ಮುಟ್ಟದ ಹಿಮದಲ್ಲಿ. ಆರನೆಯ ತಿರುವಿನಲ್ಲಿ ಅವನ ಮೇಲ್ಗಡೆ, ಬೆಟ್ಟದ ಆ ತುದಿಯಿಂದ ಈ ತುದಿಗೆ, ಪೆನ್ಸಿಲಿನಿಂದ ಎಳೆದಂತೆ ಒಂದು ಕಪ್ಪು ಗೆರೆ ಮೂಡಿತು. ಆಮೇಲೆ ಇಡೀ ಇಳಿಜಾರು ತುಂಡುತುಂಡಾಗಿ ಹೊರಟಿತು. ಕಾಸಿಯಾನ್‌ನ ಗೆರೆಗಳೂ ಅದರ ಜೊತೆಗೇ ಹೋದವು. ಸದ್ದು ಬರಲು ಹೊತ್ತು ಹಿಡಿಯಿತು. ಬಂದಾಗ ಎಲ್ಲೋ ಲಾರಿಯಿಂದ ಜಲ್ಲಿ ಸುರಿದಂತೆ ಕೇಳಿತು, ಅಷ್ಟೇ.

ಬೆಟ್ಟದ ತುರ್ತು ನಂಬರಿಗೆ ಫೋನು ಮಾಡಿದಳು. ಹೆಲಿಕಾಪ್ಟರ್ ಪಕ್ಕದ ಕಣಿವೆಯಲ್ಲಿ ಇನ್ನೊಬ್ಬ ಗಾಯಾಳುವನ್ನು ಹೊತ್ತಿತ್ತು. ಇಪ್ಪತ್ತೈದು ನಿಮಿಷವಾಗುತ್ತದೆ, ಊರಿನ ರಕ್ಷಣಾ ತಂಡದಿಂದ ಇಬ್ಬರು ಬಸ್ಸಿನ ತಿರುವಿನಲ್ಲಿ ಸಿದ್ಧವಾಗಿರಿ ಎಂದರು. ತನ್ನಂತೆ ಆ ತಂಡದಲ್ಲಿದ್ದ ಕಾಸಿಯಾನ್‌ಗೆ ಫೋನು ಮಾಡಿದಳು. ಮೈಮೇಲೆ ಮರದ ಹೊಟ್ಟು ಇರುವಂತೆಯೇ, ಬೂಟು ಕೈಯಲ್ಲಿ ಹಿಡಿದು ಓಡಿಬಂದ.

"ಯಾರೇ? ಎಲ್ಲಿ?"

"ರೋಸ್‌ಕಾರ್. ಹನ್ನೊಂದಕ್ಕೆ ಸರಿಯಾಗಿ ಕುಸೀತು. ಒಬ್ಬ ಒಳಗಿದಾನೆ. ಹೆಂಡತಿ ಹುಡುಕ್ತಿದಾಳೆ."

ನಡೆದು ಹತ್ತಲು ಎರಡೂವರೆ ಗಂಟೆ. ಹೂತವನಿಗೆ ಇರುವುದು ಕಾಲು ಗಂಟೆಯೂ ಅಲ್ಲ. ಇಬ್ಬರಿಗೂ ಈ ಲೆಕ್ಕ ಬಾಯಿಪಾಠವಾಗಿತ್ತು. ಕಾಸಿಯಾನ್ ಬೂಟು ಬಿಗಿದು ದುರ್ಬೀನಿಗೆ ಕಣ್ಣಿಟ್ಟ. ಅಂಚಿನಿಂದ ಇಳಿದುಬಂದ ಯೂಡಿತ್ ಬೀಪರ್ ಹಿಡಿದು ಹಿಮದ ರಾಶಿಯ ಮೇಲೆ ಅಡ್ಡಾದಿಡ್ಡಿ ನಡೆದಳು, ನಿಂತಳು, ಮೊಣಕಾಲೂರಿದಳು, ಉದ್ದನೆಯ ಕೋಲು ಜೋಡಿಸಿ ಚುಚ್ಚಿದಳು. ನಾಲ್ಕನೆಯ ಸಲ ಕೋಲು ಹಾಗೇ ಬಿಟ್ಟು ಸಲಿಕೆ ತೆಗೆದಳು.

"ಸಿಕ್ಕಿದ!" ಎಂದ ಕಾಸಿಯಾನ್. ಗಡಿಯಾರ ನೋಡಿದ. "ಹನ್ನೊಂದು ನಿಮಿಷ. ಭೇಷ್ ಮಗಳೇ."

ಆಮೇಲೆ ಅವನ ದನಿ ಬದಲಾಯಿತು. "ಅಯ್ಯೋ, ಅಲ್ಲಲ್ಲ. ನೇರ ಕೆಳಕ್ಕೆ ಅಗೀತಿದಾಳೆ. ಹಾಗೆ ಅಗೆದ್ರೆ ಆಗಲ್ಲ. ಇಳಿಜಾರಿನ ಕೆಳಗಿಂದ ಒಳಕ್ಕೆ ಬರ್ಬೇಕು. ಕೆಳಗಿಂದ! ತಾಯೀ, ಕೆಳಗಿಂದ ಅಗಿ!" ಕಿಟಕಿಯ ಗಾಜಿಗೆ ಹಣೆಯೊತ್ತಿ ಕೂಗುತ್ತಿದ್ದ. ಗಾಜಿನ ಮೇಲೆ ಅವನ ಉಸಿರು ಮಂಜುಗಟ್ಟಿತು. ನಾಲ್ಕು ಕಿಲೋಮೀಟರ್ ಆಚೆ ಆ ಚುಕ್ಕಿ ಬಗ್ಗಿ ಎದ್ದು, ಬಗ್ಗಿ ಎದ್ದು ಮಾಡುತ್ತಿತ್ತು. ಬುರ್ಗಾ ಅವನ ತೋಳು ಹಿಡಿದು, "ಬಾ, ಹೆಲಿಕಾಪ್ಟರ್ ಬರೋ ಹೊತ್ತಾಯ್ತು," ಎಂದು ಹೊರಗೆ ಕರೆದೊಯ್ದಳು. ಬಸ್ಸಿನ ತಿರುವಿನಲ್ಲಿ ಸಲಿಕೆ ಹಿಡಿದು ಎಂಟು ನಿಮಿಷ ನಿಂತರು. ಅಲ್ಲಿಂದ ಬರಿಗಣ್ಣಿಗೆ ಬೆಟ್ಟ ಕಾಣುತ್ತಿತ್ತು, ಯೂಡಿತ್ ಕಾಣುತ್ತಿರಲಿಲ್ಲ.

ಅವರು ಹೆಲಿಕಾಪ್ಟರಿನ ವೈದ್ಯನ ಜೊತೆ ಮೇಲೆ ಇಳಿದಾಗ ಯೂಡಿತ್ ಸೊಂಟದವರೆಗಿನ ಗುಂಡಿಯಲ್ಲಿದ್ದಳು. ಕೈಗವಸು ಹರಿದು ಅಂಗೈ ಕಿತ್ತುಬಂದಿತ್ತು. ಸಲಿಕೆ ಬಿಡಲೊಲ್ಲಳು. ಮೂವರೂ ಅಗೆದರು, ವೈದ್ಯನೂ ಅಗೆದ. ಹೆಚ್ಚುಕಡಿಮೆ ಎರಡು ಮೀಟರ್ ಆಳದಲ್ಲಿ ಸೆವೆರಿನ್ ಸಿಕ್ಕಿದ, ನಿದ್ದೆಯಲ್ಲಿ ಮಗ್ಗುಲಾದವನ ಹಾಗೆ. ವೈದ್ಯ ಮುಕ್ಕಾಲು ಗಂಟೆ ಎದೆಯೊತ್ತಿದ. ಕೊನೆಗೆ ಮೊಣಕಾಲ ಮೇಲೆ ಹಿಂದಕ್ಕೆ ಕೂತು, ತಲೆಯಾಡಿಸಿದ.

"ಹನ್ನೊಂದು ನಿಮಿಷಕ್ಕೇ ಸಿಕ್ಕಿದ್ರು," ಎಂದಳು ಯೂಡಿತ್, ಬುರ್ಗಾಳನ್ನು ನೋಡುತ್ತ. "ಹನ್ನೊಂದೇ ನಿಮಿಷ."

"ನಾನು ನೋಡಿದೆ ಮಗಳೇ," ಎಂದಳು ಬುರ್ಗಾ.

ಮರುದಿನ ಪೊಲೀಸು ಅಧಿಕಾರಿ ಬಂದು ಅವಳ ಅಳತೆಯ ಪುಸ್ತಕ ತಿರುವಿ ನೋಡಿ, "ಎಲ್ಲ ಸರಿಯಾಗಿ ಬರ್ದಿದೀರಿ," ಎಂದ. ಒಳ್ಳೆಯ ಮಾತೆಂದೇ ಆಡಿದ್ದ. ಬುರ್ಗಾಳಿಗೆ ಅದು ಕೆನ್ನೆಗೆ ಬಾರಿಸಿದಂತಾಯಿತು. ಬಹಳ ದಿನ ಅವಳನ್ನು ತಿಂದದ್ದು ಬೇಲಿಯ ಬಳಿ ಆಡಿದ ಎರಡೇ ಪದ. ಏನಾಯ್ತು ಅವರಿಗೆ ಎಂದು ಅವನು ಕೇಳಿದಾಗ, ಸತ್ತುಹೋದ ಎಂದು ಸುಳ್ಳು ಹೇಳಿದ್ದರೆ? ಮೂವತ್ತೊಂದು ವರ್ಷದಲ್ಲಿ ಒಂದು ಸುಳ್ಳು ಅಳತೆ ಬರೆದವಳಲ್ಲ. ಆ ಒಂದು ದಿನ ಹೇಳಬಹುದಿತ್ತು.

ಕಾಸಿಯಾನ್ ಹೋಟೆಲಿಗೆ ಬರುವುದನ್ನು ಬಿಟ್ಟ. ಬುರ್ಗಾ ಒಂದು ದಿನ ಅವನ ಕಾರ್ಖಾನೆಗೇ ಹೋದಳು.

"ಬೈದುಬಿಡೆ," ಎಂದ ಅವನು, ತಲೆಯೆತ್ತದೆ ಕಿಟಕಿಯ ಚೌಕಟ್ಟಿಗೆ ಉಜ್ಜುಗೊರಡು ಹಾಕುತ್ತ.

"ಬೈಯೋಕೆ ಬಂದಿಲ್ಲ. ರೊಟ್ಟಿ ತಂದಿದೀನಿ."

"ನಾನೇ ಹೂತುಹೋಗಿದ್ದಿದ್ರೆ ಆಗ್ತಿತ್ತು. ಅವತ್ತೇ, ನನ್ನ ಜೊತೆಗೇ ಹೋಗ್ಬೇಕಿತ್ತು ಆ ಹಿಮ."

ಅವಳು ರೊಟ್ಟಿಯನ್ನೂ ಹೊಗೆಯಲ್ಲಿ ಒಣಗಿಸಿದ ಹಂದಿಮಾಂಸವನ್ನೂ ಮೇಜಿನ ಮೇಲಿಟ್ಟು ಕತ್ತರಿಸಿಕೊಟ್ಟಳು. ಅವನು ತಿನ್ನಲಿಲ್ಲ. ಅವಳೂ ತಿನ್ನಲಿಲ್ಲ.

ಜೂನಿನಲ್ಲಿ ಯೂಡಿತ್ ಬಂದಳು. ಜಾಗ ನೋಡಬೇಕು, ತೋರಿಸ್ತೀರಾ ಎಂದು ಪತ್ರ ಬರೆದಿದ್ದಳು. ಬುರ್ಗಾ ಕರೆದೊಯ್ದಳು. ಹೇಳಿದ್ದರೂ ಬರಲಾರನೆಂದುಕೊಂಡಿದ್ದ ಕಾಸಿಯಾನ್ ತಿರುವಿನಲ್ಲಿ ಟೋಪಿ ಕೈಯಲ್ಲಿ ಹಿಡಿದು ಕಾಯುತ್ತಿದ್ದ. ರೋಸ್‌ಕಾರ್ ಹಸಿರಾಗಿತ್ತು, ಕುರಿಗಳು ಮೇಯುತ್ತಿದ್ದವು. ಬಲಗಡೆ ಹುಲ್ಲಿನಿಂದ ಒಂದು ಬಂಡೆ ಬೆನ್ನೆತ್ತಿ ನಿಂತಿತ್ತು. ಅದರ ಮೇಲೆಯೇ ಹಿಮ ತೆಳ್ಳಗಿದ್ದದ್ದು, ಅಲ್ಲೇ ಸೆವೆರಿನ್‌ನ ಭಾರ ತಳದ ಹರಳಿಗೆ ಮುಟ್ಟಿದ್ದು ಎಂದು ಬುರ್ಗಾ ತೋರಿಸಿದಳು.

"ಆ ಗೆರೆಗಳು ನನ್ನವು," ಎಂದ ಕಾಸಿಯಾನ್ ಥಟ್ಟನೆ. "ನೀವು ಕೆಳಗಿಂದ ನೋಡಿದ್ದು. ನಾನು ಇಳಿದದ್ದು."

ಯೂಡಿತ್ ಅವನ ಕಡೆ ತಿರುಗಿದಳು. "ಅವರು ಹತ್ತುವಾಗ ಅದನ್ನೇ ತೋರಿಸ್ತಿದ್ರು. ಎಷ್ಟು ಚೆಂದ ಇಳಿದಿದಾರೆ ನೋಡು, ಬೆಟ್ಟ ಬಲ್ಲವರ ಗೆರೆ ಅದು ಅಂದ್ರು."

ಕಾಸಿಯಾನ್ ಟೋಪಿಯನ್ನು ಮುಖಕ್ಕೆ ಒತ್ತಿಕೊಂಡ. ಯೂಡಿತ್ ಅವನನ್ನು ಸಮಾಧಾನ ಮಾಡಲೂ ಇಲ್ಲ, ಬೈಯಲೂ ಇಲ್ಲ. ಹುಲ್ಲಿನ ಮೇಲೆ ಕೂತಳು. ಬುರ್ಗಾಳೂ ಪಕ್ಕದಲ್ಲಿ ಕೂತಳು. ಒಂದು ಕುರಿ ಹತ್ತಿರ ಬಂದು ಯೂಡಿತ್‌ಳ ಚೀಲದ ದಾರ ಅಗಿಯತೊಡಗಿದಾಗ ಮೂವರಲ್ಲಿ ಯಾರೂ ಓಡಿಸಲಿಲ್ಲ.

ಕಾಸಿಯಾನ್ ಆಮೇಲೆ ಕಡಿದಾದ ಇಳಿಜಾರಿಗೆ ಹೋಗಲಿಲ್ಲ. ಮುಂದಿನ ಚಳಿಗಾಲ ಬುರ್ಗಾ ಗುಂಡಿ ತೋಡುವಾಗ ಜೊತೆಗೆ ಬಂದು, ಅವಳು ಹೇಳಿದ ಅಂಕಿಗಳನ್ನು ದಪ್ಪ ಅಕ್ಷರದಲ್ಲಿ ಬರೆದುಕೊಂಡ. ತಮಾಷೆ ಕಮ್ಮಿಯಾಗಿತ್ತು. ಬುರ್ಗಾ ಈಗ ಅಳತೆ ಮುಗಿದರೂ ಮನೆಗೆ ಹೋಗದೆ, ಕಾರುಗಳು ಬರುವ ಹೊತ್ತಿನವರೆಗೆ ಅಲ್ಲೇ ನಿಲ್ಲುತ್ತಿದ್ದಳು. ಕೇಳದವರಿಗೂ ಹೇಳುತ್ತಿದ್ದಳು. ಕೆಲವರು ಕೇಳಿ ಕಾಡಿನ ಹಾದಿ ಹಿಡಿಯುತ್ತಿದ್ದರು, ಕೆಲವರು ಥ್ಯಾಂಕ್ಸ್ ಹೇಳಿ ಎಡಕ್ಕೆ ತಿರುಗುತ್ತಿದ್ದರು.

ಮಾರ್ಚಿನ ಒಂದು ಬೆಳಿಗ್ಗೆ ಐವತ್ತು ದಾಟಿದ ಇಬ್ಬರು ಹೆಂಗಸರು ಬಂದರು. ಬುರ್ಗಾ ಎಲ್ಲ ಹೇಳಿದಳು: ತಳದ ಹಿಮ, ಬಂಡೆ, ಹೋದ ವರ್ಷದ ಸಾವು. ಅವರು ಗಮನವಿಟ್ಟು ಕೇಳಿದರು. "ಯೋಚ್ನೆ ಮಾಡ್ತೀವಿ ಅಕ್ಕಾ," ಎಂದು ಹೊರಟರು. ಆದರೆ ಅಂದು ಮೋಡ ಊರಿನ ಮನೆಗಳ ಮಾಡಿನವರೆಗೂ ಇಳಿದಿತ್ತು. ಹಾದಿಯ ಕವಲಿಗೆ ಮುಂಚೆಯೇ ಇಬ್ಬರೂ ಬಿಳುಪಿನೊಳಗೆ ಸೇರಿಹೋದರು. ಬುರ್ಗಾ ಮನೆಗೆ ಬಂದು ಕಾಫಿ ಮಾಡಿದಳು. ಕಿಟಕಿಯಲ್ಲಿ ನೋಡಲು ಏನೂ ಇರಲಿಲ್ಲ. ಕಿವಿಗೊಟ್ಟು ಕೂತಳು. ಗಂಟೆಗೊಂದು ಸಲ ಎದ್ದು ತಿರುವಿನವರೆಗೆ ನಡೆದು, ಕಾರು ಅಲ್ಲೇ ಇದೆಯೆಂದು ನೋಡಿ, ವಾಪಸ್ ಬಂದಳು.

ಎರಡೂವರೆಗೆ ಹೋದಾಗ ಕಾರು ಇರಲಿಲ್ಲ. ಅದು ನಿಂತಿದ್ದ ಜಾಗದಲ್ಲಿ ಹಿಮ ಕರಗಿ ಕಪ್ಪು ನೆಲ ಕಾಣುತ್ತಿತ್ತು. ಅವರು ಯಾವ ಕಡೆ ತಿರುಗಿದ್ದರೋ, ಎಲ್ಲಿ ಇಳಿದರೋ, ಅವಳಿಗೆ ಕೊನೆಗೂ ಗೊತ್ತಾಗಲಿಲ್ಲ.